ಇಳಿತದ ಲೆಕ್ಕ

ಐದರವರೆಗೂ ಮೊಣಕಾಲುದ್ದ ನೀರು ಇದ್ದೇ ಇರುತ್ತದೆ
ಎಂದವಳು ನಾನೇ. ಕುಮಟೆಯವಳ ಮಾತು;
ಯಾರೂ ಪಂಚಾಂಗ ತೆಗೆಯಲಿಲ್ಲ.

ಅದಕ್ಕೂ ಮೊದಲೇ, ಬಾಣಸ್ತಾರಿ ಸೇತುವೆಯ ಹತ್ತಿರ
ಜೀಪಿನ ಹಿಂದಿನ ಚಕ್ರ ಉಸಿರು ಬಿಟ್ಟಿತ್ತು.
ಹೆಚ್ಚುವರಿ ಚಕ್ರ ಎವರಿಸ್ಟೊನ ಭಾವನ ಶೆಡ್ಡಿನಲ್ಲಿ,
ಶೆಡ್ಡಿನ ಬೀಗದ ಕೈ ಭಾವನ ಜೇಬಿನಲ್ಲಿ,
ಭಾವ ಮಡಗಾಂವಿನ ಯಾವುದೋ ಮದುವೆಯಲ್ಲಿ.
ಬರುತ್ತೇವೆಂದಿದ್ದ ಇಬ್ಬರು ಬೆಳಿಗ್ಗೆಯೇ ಜ್ವರ ಬರೆದು ಕಳಿಸಿದ್ದರು,
ಇಬ್ಬರಿಗೂ ಒಂದೇ ಜ್ವರ,
ಕಾಗುಣಿತದ ತಪ್ಪೂ ಒಂದೇ.

ನಾಲ್ವರು ಉಳಿದೆವು. ಎರಡು ಕಯಾಕು, ಮೂರು ಹುಟ್ಟು.
ನಾಲ್ಕನೆಯದು ಎಲ್ಲಿ ಎಂದು
ಕೇಳಬೇಕಾದವನು ಮೈಲಾರಿ, ಹೇಳಬೇಕಾದವನು ಎವರಿಸ್ಟೊ;
ಸ್ಕೂಟರಿನ ಹನ್ನೊಂದು ಸಾವಿರಕ್ಕಾಗಿ
ಚೌತಿಯಿಂದ ಅವರಿಗೆ ಮಾತಿಲ್ಲ.
ಸುಲಕ್ಷಾ ಇಬ್ಬರ ನಡುವಿನ ಅಂಚೆ.

ಕುಂಭಾರ್ಜುವೆಯ ಕಾಲುವೆಗೆ ಇಳಿದಾಗ ಮೂರು ಗಂಟೆ.
‘ಮೊಸಳೆ?’ ಅಂದಳು ಸುಲಕ್ಷಾ.
‘ಇವೆ,’ ಅಂದ ಎವರಿಸ್ಟೊ, ‘ನಾಚಿಕೆ ಜಾಸ್ತಿ.’

ಒಂದು ಗಂಟೆ ನಿಜಕ್ಕೂ ತೇಲಿದೆವು.
ಹುಟ್ಟಿನಿಂದ ಸೋರಿದ ನೀರು ಮಡಿಲಲ್ಲಿ,
ಕಾಂಡ್ಲಾ ಬೇರಿನ ಮೇಲೆ ಮಿಂಚುಳ್ಳಿ,
ಆಮೇಲೆ ದೋಣಿಯ ಹೊಟ್ಟೆ ಏನನ್ನೋ ಸವರಿತು,
ಇನ್ನೊಮ್ಮೆ ಸವರಿತು,
ನಿಂತಿತು.

ನೀರು ಹೋಗಿಬಿಟ್ಟಿತ್ತು. ಹೇಳದೆ,
ಸಭೆಯಲ್ಲಿ ಹಿಂದಿನ ಸಾಲಿನವರು ಎದ್ದು ಹೋಗುವ ಹಾಗೆ.
ಹುಣ್ಣಿಮೆಯ ಮರುದಿನದ ದೊಡ್ಡ ಇಳಿತ.
ನನ್ನ ಅಜ್ಜಿ ಗಜನಿಯ ಕಟ್ಟೆಯ ಮೇಲೆ ಕೂತು
ಬೆರಳು ಮಡಿಸಿ ಹೇಳುತ್ತಿದ್ದಳು:
ತಿಥಿಯ ಮುಕ್ಕಾಲು, ಭರತದ ಗಂಟೆ.
ಬ್ಯಾಂಕಿನಲ್ಲಿ ಬಡ್ಡಿ ಗುಣಿಸುವ ನನಗೆ
ತಿಥಿ ಯಾವುದೆಂದೇ ಗೊತ್ತಿರಲಿಲ್ಲ.

ಇಳಿದೆವು. ಕೆಸರು ಮೊಣಕಾಲಿಗೆ, ತೊಡೆಗೆ.
ಮೈಲಾರಿಯ ಎಡ ಚಪ್ಪಲಿ ನುಂಗಿ ಬಲದ್ದಕ್ಕೂ ಕಾಯಿತು.
‘ಎಳಿಯೋ’ ಅಂದ. ಯಾರಿಗೆ, ಹೇಳಲಿಲ್ಲ.
ಹತ್ತಿರವಿದ್ದವನು ಎವರಿಸ್ಟೊ.
ಕೈ ಕೊಟ್ಟ. ಇಬ್ಬರೂ ಬಿದ್ದರು.
ನಾನೂ ಸುಲಕ್ಷಾಳೂ ಏಡಿಗಳನ್ನು ನೋಡುತ್ತ ನಿಂತೆವು.

ದಡದ ತೂಬಿನ ಬಳಿ ಬಲೆ ಹರವುತ್ತಿದ್ದ ಮುದುಕ
ಬಹಳ ಹೊತ್ತಿನಿಂದ ನೋಡುತ್ತಿದ್ದನಂತೆ.
ಕೂಗಬಾರದಿತ್ತೇ ಅಂದರೆ,
‘ಹುಟ್ಟು ಹಾಕುವುದು ಚೆನ್ನಾಗಿತ್ತು,’ ಅಂದ ಕೊಂಕಣಿಯಲ್ಲಿ.
‘ನೀರು ಬರುತ್ತದೆ. ಅದಕ್ಕೆ ಬೇರೆ ಊರಿಲ್ಲ.’

ಹೀಗೆ ದ್ವೀಪ ತಪ್ಪಿ ಕಟ್ಟೆ ಸಿಕ್ಕಿತು,
ಮಲಗಿದರೆ ಕಾಲು ಗದ್ದೆಗೆ, ತಲೆ ಹೊಳೆಗೆ.
ಗುಡಾರದ ಚೀಲದಲ್ಲಿ ಬೇರೆ ಗುಡಾರದ ಕೋಲು.
ಅಕ್ಕಿ ಡಬ್ಬಿಗೆ ಕಾಲುವೆ ಹೊಕ್ಕಿತ್ತು;
ಉಪ್ಪು ಉಳಿಯಿತಲ್ಲ ಎಂದು ಅದನ್ನೇ ಬೇಯಿಸಿದಳು ಸುಲಕ್ಷಾ.
ಮೊದಲ ತುತ್ತಿಗೆ ಎಲ್ಲರಿಗೂ ಒಂದೇ ಮುಖ.
ಆಗ ಮೈಲಾರಿ ಚೀಲದಿಂದ ಅವ್ವನ ಕಟಕ ರೊಟ್ಟಿ ತೆಗೆದ,
ವಾಸ್ಕೋದಲ್ಲಿ ಬಡಿದರೂ ರೋಣದ ಸದ್ದು ಬಿಡದ ರೊಟ್ಟಿ,
ಮುರಿದು, ಮೊದಲ ತುಂಡನ್ನು
ಎವರಿಸ್ಟೊ ಕೂತಿದ್ದ ಕತ್ತಲಿನತ್ತ ಚಾಚಿದ.
ಅತ್ತಲಿಂದ ಕಟುಂ ಎಂದು ಕೇಳಿತು.
ಹಣದ ಮಾತು ಬರಲಿಲ್ಲ.

ನಡುರಾತ್ರಿ ಯಾರೋ ಕದ ತಟ್ಟಿದಂತಾಯಿತು.
ಇಲ್ಲಿ ಕದವೆಲ್ಲಿ?
ಎದ್ದರೆ, ಹೊಳೆ ಕಟ್ಟೆಯ ಕುತ್ತಿಗೆಯವರೆಗೆ;
ಎರಡೂ ಕಯಾಕು ತೇಲುತ್ತ, ಹಗ್ಗ ಜಗ್ಗುತ್ತ,
ಕಲ್ಲಿಗೆ ಮೂಗು ತಾಗಿಸುತ್ತ,
ಹಾಲಿನ ಹೊತ್ತಿನ ಕರುಗಳ ಹಾಗೆ.

ಹೋಗೋಣವೇ ಅಂತ ಯಾರೂ ಕೇಳಲಿಲ್ಲ.
ಎವರಿಸ್ಟೊ ಮುಂದೆ ಕೂತ, ಮೈಲಾರಿ ಹಿಂದೆ.
ಆ ದೋಣಿಗೆ ಒಂದೇ ಹುಟ್ಟು.
ಬೆಳದಿಂಗಳಲ್ಲಿ ಆಚೆ ದಡದವರೆಗೆ ಹೋಗಿ ಬಂದರು.
ಹೋಗುವಾಗ ಒಬ್ಬನ ಕೈಯಲ್ಲಿದ್ದದ್ದು
ಬರುವಾಗ ಇನ್ನೊಬ್ಬನ ಕೈಯಲ್ಲಿತ್ತು.

ಸೋಮವಾರ, ಫೋಂಡಾ ಶಾಖೆ.
ಚಲನ್ನಿಗೆ ಮುದ್ರೆ ಒತ್ತುವಾಗ ಉಗುರಿನ ಕೆಸರು ಕಂಡು
‘ತೋಟ ಇದೆಯೇ?’ ಎಂದರು ಒಬ್ಬರು.
ಇವತ್ತು ತದಿಗೆ.
ಮೂರರ ಮುಕ್ಕಾಲು, ಎರಡೂಕಾಲು.
ನಾನು ಊಟ ಮುಗಿಸಿ ಕುರ್ಚಿಗೆ ಮರಳುವ ಹೊತ್ತಿಗೆ
ಮೈಲಾರಿಯ ಎಡ ಚಪ್ಪಲಿಯ ಮೇಲೆ
ಒಂದಾಳು ನೀರು.